ಎಪ್ಪತ್ತೆರಡು ಗಂಟೆಯೊಳಗೆ

ಚನ್ನಗಿರಿಯ ಅಂಚಿನ ತಗಡಿನ ಗುಡಿಸಲುಗಳ ಓಣಿಯಲ್ಲಿ ಯಾರ ಕಸದಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಅದೇ ಓಣಿಯ ಪೌರಕಾರ್ಮಿಕೆ ಬೊಮ್ಮಕ್ಕ ಸೆಕೆಗೆ ಗ್ಲೌಸ್ ಬಿಚ್ಚಿಟ್ಟು ಕಸ ಬಾಚುತ್ತಿದ್ದಾಗ, ಯಾರೋ ಎಸೆದ ಸಿರಿಂಜಿನ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಹಿಂಡಿದಳು. ಎಲೆಅಡಿಕೆ ಚೀಲದ ಸುಣ್ಣ ಮೆತ್ತಿಕೊಂಡಳು. ಯಾರಿಗೂ ಹೇಳಲಿಲ್ಲ.

ಆ ಇಡೀ ದಿನ ಅವಳು ನೀರಿನೊಳಗೆ ನಡೆದಂತೆ ನಡೆದಳು. ಜನರ ಮಾತು ಎಲ್ಲೋ ಆಚೆ ದಡದಿಂದ ಕೇಳುತ್ತಿತ್ತು. ಮೊಮ್ಮಗಳು ಓಡಿ ಬಂದರೆ ಕೈ ಹಿಂದಕ್ಕೆಳೆದುಕೊಂಡಳು.

ಮರುದಿನ ಬೆಳಿಗ್ಗೆ ಪುರಸಭೆಯ ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲಿಲ್ಲ. ಮೂರು ಸಲ ಒತ್ತಿದರೂ ಕೆಂಪು ದೀಪ. ಆರೋಗ್ಯ ನಿರೀಕ್ಷಕಿ ಸಂಧ್ಯಾರಾಣಿ ಅವಳ ಕೈ ಹಿಡಿದು ನೋಡಿದರು.

“ಏನ್ ಬೊಮ್ಮಕ್ಕ, ಗೋಡೆ ಬಿಟ್ಟು ಬೆರಳಿಗೆ ಸುಣ್ಣ ಬಳ್ದೀರಿ?”

ಬೊಮ್ಮಕ್ಕ ಅಳುತ್ತಲೇ ಎಲ್ಲ ಹೇಳಿದಳು.

“ಹಿಂಡಬಾರದು, ಏನೂ ಹಚ್ಚಬಾರದು. ಸೋಪು ಹಾಕಿ ಹರಿಯೋ ನೀರಲ್ಲಿ ತೊಳ್ದು ಸೀದಾ ಆಸ್ಪತ್ರೆಗೆ ಹೋಗ್ಬೇಕು. ನಡೀರಿ, ಎಚ್‌ಐವಿ ಪರೀಕ್ಷೆ ಮಾಡಿಸೋಣ.”

ಕಸದ ಆಟೋ ಓಡಿಸುವ ಅವಳ ಗಂಡ ಹನುಮಣ್ಣ ಅಡ್ಡ ಬಂದ. “ಬ್ಯಾಡ ಮೇಡಂ. ಎಚ್‌ಐವಿ ಪರೀಕ್ಷೆ ಅಂದ್ರೆ ಓಣ್ಯಾಗೆ ಮಾನ ಹೋಗ್ತೈತೆ. ನಲ್ಲಿ ಹತ್ರ ಕೊಡ ಇಡಾಕೂ ಬಿಡಲ್ಲ.”

“ಮಾನ ಎಲ್ಲಿಗೂ ಹೋಗಲ್ಲ ಹನುಮಣ್ಣ, ಹೊತ್ತು ಹೋಗ್ತೈತೆ. ಚುಚ್ಚಿ ಆಗ್ಲೇ ಒಂದು ದಿನ ಆತು. ಎಪ್ಪತ್ತೆರಡು ಗಂಟೆಯೊಳಗೆ ಸೋಂಕು ತಡೆಯೋ ಮಾತ್ರೆ ಶುರು ಆಗ್ಬೇಕು. ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.”

“ರಿಪೋರ್ಟ್ ನೋಡಿ ಕೆಲ್ಸದಿಂದ ತೆಗೆದ್ರೆ?”

“ನಂಗೂ ತೋರ್ಸಲ್ಲ ಅದನ್ನ. ಕಾನೂನೇ ಐತೆ. ಗುಟ್ಟು ಬಿಟ್ಕೊಡಂಗಿಲ್ಲ, ಕೆಲ್ಸ ಕಿತ್ಕೊಳ್ಳಂಗಿಲ್ಲ.”

“ಮಗೂನ ಮುಟ್ಟಬಹುದಾ?” ಬೊಮ್ಮಕ್ಕ ಮೆಲ್ಲಗೆ ಕೇಳಿದಳು.

“ಎತ್ಕೊಂಡು ಮುದ್ದಾಡ್ರಿ. ಮುಟ್ಟಿದ್ರೆ, ಒಂದೇ ತಟ್ಟೇಲಿ ಉಂಡ್ರೆ ಬರೋದಲ್ಲ ಅದು. ಬಂದೋರೂ ದಿನಾ ಮಾತ್ರೆ ತಗೊಂಡು ಎಲ್ಲರಂಗೆ ಬಾಳ್ತಾರೆ.”

ಹನುಮಣ್ಣ ಹೆಗಲ ಟವೆಲ್ಲಿನಿಂದ ಸೀಟು ಒರೆಸಿದ. ಆಮೇಲೆ ಆಟೋ ಚಾಲೂ ಮಾಡಿದ.

“ಕಸದ ಗಾಡ್ಯಾಗ?” ಎಂದಳು ಬೊಮ್ಮಕ್ಕ.

“ಹತ್ತೇ. ಮೆರವಣಿಗೆ ಕಾರು ಆಮೇಲೆ ತರಿಸ್ತೀನಿ.”

ಅಪಾಯ ಕಡಿಮೆ, ಆದರೂ ಬಿಡುವಂತಿಲ್ಲ ಎಂದು ವೈದ್ಯರು ಇಪ್ಪತ್ತೆಂಟು ದಿನದ ಮಾತ್ರೆ ಕೊಟ್ಟರು. ಆ ದಿನಗಳಲ್ಲಿ ಬೊಮ್ಮಕ್ಕನ ಕನಸಿಗೆ ಸೂಳೆಕೆರೆಯ ನೀರು ತುಂಬಿ ಬರುತ್ತಿತ್ತು; ಅವಳು ಅದರ ಮೇಲೆ ಎಲೆಯಂತೆ ತೇಲುತ್ತಿದ್ದಳು. ದಡ ಕಾಣುತ್ತಿತ್ತು, ಹತ್ತಿರವಾಗುತ್ತಿರಲಿಲ್ಲ. ಆರನೇ ತಿಂಗಳ ಕೊನೆಯ ಪರೀಕ್ಷೆಯಲ್ಲೂ ಸೋಂಕಿಲ್ಲ ಎಂದು ಬಂದ ದಿನ ಅವಳು ಗಾಢವಾಗಿ ನಿದ್ದೆ ಮಾಡಿದಳು.

ಮುಂದಿನ ವಾರ್ಡ್ ಸಭೆಯಲ್ಲಿ ಅವಳೇ ಎದ್ದು ನಿಂತಳು. “ನಾನೇನೋ ಬಚಾವಾದೆ. ಆಸ್ಪತ್ರೆಗೆ ಹೋಗಾಕೆ ನಾಚ್ಕೊಳ್ಳೋರು ಏನ್ ಮಾಡ್ಬೇಕು? ಪರೀಕ್ಷೆ ಓಣಿಗೇ ಬರಲಿ.”

ಪುರಸಭೆ ಒಪ್ಪಿತು. ನಲ್ಲಿಯ ಪಕ್ಕ ಸೂಜಿ ಹಾಕಲು ಗಟ್ಟಿ ಡಬ್ಬ ಬಂತು. ತಿಂಗಳಿಗೊಮ್ಮೆ ಸಮುದಾಯ ಭವನದಲ್ಲಿ ಉಚಿತ ಪರೀಕ್ಷೆ ಶುರುವಾಯಿತು. ಮೊದಲ ದಿನ ಬಾಗಿಲ ಬಳಿ ಗುಂಪು ನಿಂತಿತು, ಒಳಗೆ ಯಾರೂ ಹೋಗಲಿಲ್ಲ. ಹನುಮಣ್ಣ ಅಂಗಿ ತೋಳು ಮಡಚಿ ಒಳಗೆ ಹೋದ.

“ಇರುವೆ ಕಡಿದಂಗೆ ಅಷ್ಟೇ ಕಣ್ರೋ, ಬರ್ರಿ!” ಎಂದು ಒಳಗಿಂದಲೇ ಕೂಗಿದ.

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ವಾರ್ಡ್ ಸಭೆಗೆ ಹೋಗಿ. ಈ ಸೌಲಭ್ಯ ನಿಮ್ಮ ಓಣಿಗೂ ಬೇಕೆಂದು ಬಾಯಿಬಿಟ್ಟು ಕೇಳಿ. ಅನುಮಾನವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಖರ್ಚಿಲ್ಲ. ಬಳಸಿದ ಸೂಜಿಯನ್ನು ಕಸಕ್ಕೆ ಎಸೆಯಬೇಡಿ. ಅದನ್ನು ಎತ್ತುವವರು ನಿಮ್ಮ ಪಕ್ಕದ ಮನೆಯವರೇ.