ಸಾಹೇಬರು ಬರುವ ತನಕ

ಅಪ್ಪನ ಹೆಣಕ್ಕೆ ಬೆಳಿಗ್ಗೆಯೇ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕೂರಿಸಿದ್ದೆವು. ಮಧ್ಯಾಹ್ನ ಇಳಿದರೂ ಕೂತೇ ಇದ್ದ. ರಾಜೇಶ್ವರದ ನಮ್ಮ ಹೊಲದಲ್ಲಿ ಕುಣಿ ತೋಡಿಯಾಗಿತ್ತು, ಕ್ರಿಯೆ ಮಾಡಿಸುವ ಅಯ್ಯನವರೂ ಬಂದು ಕೂತಿದ್ದರು. ತಡ ಯಾಕೆಂದರೆ, ಶಾಸಕರು ಬರಬೇಕಂತೆ.

ಅಣ್ಣ ಧನರಾಜ ಫೋನ್ ಕಿವಿಗಿಟ್ಟುಕೊಂಡೇ ಅಂಗಳ ಸುತ್ತುತ್ತಿದ್ದ.

"ಸಾಹೇಬ್ರು ಹುಮನಾಬಾದ್ ಬಿಟ್ಟಾರಂತ, ಅನುರಾಧಾ. ಬರಾಕತ್ತಾರ."

"ಅಪ್ಪ ಏನ್ ಹೇಳಿದ್ದ, ಮರ್ತಿಯೇನು?"

"ಸುಮ್ನ ಕೂಡು. ಜಿಲ್ಲಾ ಪಂಚಾಯತಿ ಟಿಕೆಟ್ ಅವರ ಕೈಯಾಗ ಅದ."

ಟಿಕೆಟ್ಟಿಗೆ ಬೆಂಕಿ ಬೀಳಲಿ! ಕಳೆದ ಚುನಾವಣೆಯಲ್ಲಿ ಅಪ್ಪ ಈ ಮನುಷ್ಯನಿಗಾಗಿ ಮನೆಮನೆ ತಿರುಗಿ ಓಟು ಕೇಳಿದ್ದ. ಅಪ್ಪನ ಇಷ್ಟಲಿಂಗದ ಮುಂದೆ ಕೈಮುಗಿದು, ಪಕ್ಷ ಬಿಡುವುದಿಲ್ಲ ಎಂದು ಆಣೆ ಮಾಡಿದ ಮಹಾನುಭಾವ, ಗೆದ್ದ ವರ್ಷವೇ ಮಂತ್ರಿಯಾಗುವ ಆಸೆಗೆ ಜಿಗಿದ. ಓಟು ಹಾಕಿದವರು ಬಂದು ಕೇಳಿದ್ದು ಅಪ್ಪನನ್ನು, ಅವನನ್ನಲ್ಲ. ಅಪ್ಪ ನಾಚಿಕೆಗೆ ಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟ. ಹಾಸಿಗೆ ಹಿಡಿದ ಮೇಲೆ ನಮ್ಮೆಲ್ಲರನ್ನೂ ಕರೆದು, "ಆ ಮನಷ್ಯಾನ ಕೈ ನನ್ನ ಹೆಣಕ್ಕ ಹತ್ತಬಾರ್ದು" ಅಂದಿದ್ದ. ಅವನು ಕೇಳಿದ್ದು ಇಷ್ಟೇ.

ಬಿಸಿಲ ಝಳಕ್ಕೆ ಹೂವೆಲ್ಲ ಬಾಡಿದವು. ಅಪ್ಪನ ಕತ್ತು ವಾಲುತ್ತಿತ್ತು, ಅವ್ವ ಎದ್ದೆದ್ದು ನೆಟ್ಟಗೆ ಮಾಡುತ್ತಿದ್ದಳು.

ಕೊನೆಗೆ ಗಾಡಿಗಳು ಬಂದವು. ಸಾಹೇಬರು ಹಾರ ಹಿಡಿದು ಮೆಟ್ಟಿಲು ಹತ್ತಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹಾರ ಇಲ್ಲೇ ಇಡ್ರಿ. ನಿಮ್ಮ ಕೈ ಹತ್ತಬಾರ್ದಂತ ಅಪ್ಪ ಹೇಳಿ ಹೋಗ್ಯಾನ."

ಆತನಿಗೆ ಸಿಟ್ಟಾದರೂ ಬರಬೇಡವೇ? ಕಣ್ಣಲ್ಲಿ ನೀರು ತಂದುಕೊಂಡ.

"ದುಃಖದಾಗ ಅದಾಳ ತಂಗಿ. ಅಪ್ಪಾಜಿ ನನಗೂ ತಂದಿ ಇದ್ದಂಗ ಇದ್ರು." ನನ್ನನ್ನು ದಾಟಿ ಅವ್ವನ ಕಡೆ ನೋಡಿದ. "ಅವ್ವಾ, ನೀವ್ ಬ್ಯಾಡ ಅಂದ್ರ ಹಿಂಗ ಹೊಳ್ಳಿ ಹೋಗ್ತೀನ್ರಿ."

ಅವ್ವ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳು ಅಪ್ಪನ ಮುಖ ನೋಡಿದಳು, ಧನರಾಜನ ಮುಖ ನೋಡಿದಳು. ಎದ್ದು ಬಂದು ನನ್ನ ರಟ್ಟೆ ಹಿಡಿದು ಬಾಗಿಲಿನಿಂದ ಸರಿಸಿದಳು.

ಸಾಹೇಬರು ಹಾರ ಹಾಕಿದರು. ವಾಲಿದ ಅಪ್ಪನ ಗದ್ದವನ್ನು ತಾವೇ ಎತ್ತಿ ಹಿಡಿದು, ಫೋಟೊ ತೆಗೆಯುವವರ ಕಡೆ ತಿರುಗಿಸಿದರು.

ಅವ್ವ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

"ಬಿಡು ಮಗಳ," ಅಂದಳು. "ನಿಮ್ಮಪ್ಪ ಹೋದ. ನಾವು ಇವರ ಕೈಯಾಗೇ ಬಾಳ್ವಿ ಮಾಡಬೇಕಲ್ಲ."