ಮಣ್ಣಿಗೆ ಬೆಳೆಸಿದ ಬೆಳೆ

ಹುಣಸಗಿ ಹತ್ತಿರ ಕಾಲುವೆಯ ಕೆಳಗೆ ಮರಿಲಿಂಗಮ್ಮನ ಹೊಲ. ವರ್ಷವರ್ಷವೂ ಭತ್ತಕ್ಕೆ ನೀರು ನಿಲ್ಲಿಸಿ ಒಂದು ಮಡಿ ಸವಳಾಗಿ, ಮೇಲೆ ಬಿಳಿ ಉಪ್ಪು ಎದ್ದಿತ್ತು. ಸೊಸೆ ಮೌನೇಶ್ವರಿ ನೀರು ಬಸಿಯಲು ಬದುವಿನ ಪಕ್ಕ ಬಸಿಗಾಲುವೆ ತೋಡಿಸಿ, ಮುಂಗಾರಿನ ಮೊದಲ ಹಸಿಗೆ ಹಸಿರುಗೊಬ್ಬರದ ಡಯಂಚಾ ಬೀಜ ಚೆಲ್ಲಿದಳು. ಬರಡು ಬಿದ್ದಿದ್ದ ನೆಲದಲ್ಲಿ ಎದೆಯೆತ್ತರ ಗಿಡ ಬೆಳೆದು ಹಳದಿ ಹೂ ಬಿಟ್ಟಿತು. ಮರಿಲಿಂಗಮ್ಮ ದಿನವೂ ಹೋಗಿ ನೋಡಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ಸೊಸೆ ಟ್ರ್ಯಾಕ್ಟರ್ ಕರೆಸಿದಳು. ಮರಿಲಿಂಗಮ್ಮ ಅಡ್ಡ ನಿಂತಳು.

"ಹೂ ಬಿಟ್ಟ ಬೆಳಿ ಮ್ಯಾಲ ಟ್ರ್ಯಾಕ್ಟರ್ ಹಾಯಿಸ್ತೀ? ಮನಸರ ಹ್ಯಾಂಗ ಬರ್ತದ ನಿನಗ?"

"ಇದು ನಾವು ಉಣ್ಣಾಕಲ್ರಿ ಅತ್ತಿ, ಮಣ್ಣಿಗಿ ಉಣಸಾಕ ಬೆಳಸೀನ್ರಿ. ಕಾಯಿ ಕಟ್ಟಿದರ ಕಡ್ಡಿ ಬಿರುಸಾಗ್ತದ, ಲಗೂನ ಕೊಳೆಂಗಿಲ್ರಿ."

ಮರಿಲಿಂಗಮ್ಮ ಸರಿದು ನಿಂತಳು. ಗಿಡಗಳು ಮಣ್ಣುಪಾಲಾಗುವುದನ್ನು ನೋಡಲಾರದೆ ಮುಖ ತಿರುಗಿಸಿದಳು. ಆ ವಾರವೆಲ್ಲ ಸೊಸೆಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಹಚ್ಚಿದ ಭತ್ತ ಮಡಿಯ ತುಂಬ ಬರಲಿಲ್ಲ. ಒಂದು ಮೂಲೆ ಬೆಳ್ಳಗೆ ಹಾಗೇ ಉಳಿಯಿತು. ಉಳಿದ ಕಡೆಯೆಲ್ಲ ತೆನೆ ಬಾಗಿತ್ತು. ಮರಿಲಿಂಗಮ್ಮ ಒಂದು ತೆನೆ ಉಜ್ಜಿ, ಕಾಳು ಗಟ್ಟಿಯಿದ್ದದ್ದನ್ನು ನೋಡಿದಳು.

"ಮುಂದಿನ ವರ್ಷ ಆ ಮೂಲ್ಯಾಗ ಡಯಂಚಾ ಬೀಜ ದಟ್ಟ ಚೆಲ್ಲು. ಟ್ರ್ಯಾಕ್ಟರ್ ಬರೋ ದಿನ ನಾ ಮನ್ಯಾಗ ಇರ್ತೀನಿ," ಎಂದಳು ಸೊಸೆಗೆ.