ಅವ್ವ ಅನ್ನದೆ ಹೋದ ಮಾತು

ನನ್ನ ಸೋದರಮಾವ ಮರೆಪ್ಪ ತೀರಿಕೊಂಡ ದಿನ ಅವನ ಹೆಣ ಮುಂಜಾನೆಯಿಂದ ಮಧ್ಯಾಹ್ನದ ತನಕ ಕುಣಿಯ ಪಕ್ಕದಲ್ಲಿ, ಬಿಸಿಲಲ್ಲಿ, ಕಂಬಳಿಯ ಮೇಲೆ ಮಲಗಿತ್ತು. ನನ್ನ ಅವ್ವ ಹಣಮವ್ವ ಬರಬೇಕಾಗಿತ್ತು. ಕುರಿ ಕಾಯುವ ಅವರ ಮನೆತನದಲ್ಲಿ ಒಡಹುಟ್ಟಿದವಳು ಮೊದಲ ಹಿಡಿ ಮಣ್ಣು ಹಾಕದೆ ಗಂಡಸಿನ ಕುಣಿ ಮುಚ್ಚುವುದಿಲ್ಲ. ಮಣ್ಣು ಹಾಕುವವರ ಹಣೆಗೆ ಬೀರೋಬನ ಬಂಡಾರ ಹಚ್ಚುತ್ತಾರೆ. ಬಂಡಾರವೆಂದರೆ ಅರಿಷಿಣದ ಪುಡಿ. ಆದರೆ ಅದು ದೇವರ ಗುಡಿಯಿಂದ ಬಂದದ್ದು, ಮತ್ತು ನಾವು ಕ್ರೈಸ್ತರು. ನಾನು ಹುಟ್ಟುವ ಮೊದಲೇ ಅಪ್ಪ ಅವ್ವ ಇಬ್ಬರೂ ಅಕ್ಕಲಕೋಟೆಯಲ್ಲಿ ದೀಕ್ಷಾಸ್ನಾನ ಪಡೆದವರು.

ಅವ್ವ ಚಕ್ಕಡಿಯಿಂದ ಇಳಿದಾಗ ಮಾವನ ಹೆಂಡತಿ, ಅತ್ತೆ ಮುಕ್ತಾಬಾಯಿ, ಅಳುತ್ತ ಓಡಿಬಂದು, ಕೇಳದೆ, ರೂಢಿಯ ಕೈಯಿಂದ ಅವ್ವನ ಹಣೆಗೆ ಬಂಡಾರ ಒತ್ತಿಬಿಟ್ಟಳು. ಅವ್ವ ಮುಖ ತಿರುಗಿಸಲಿಲ್ಲ. ಬಾಗಿ ಮಣ್ಣು ಹಾಕಿದಳು. ಸಂಜೆ ಅಕ್ಕಲಕೋಟೆಗೆ ಮರಳಿದಾಗಲೂ ಹಣೆ ಹಳದಿಯಾಗಿಯೇ ಇತ್ತು. ಒರೆಸಿಕೊಳ್ಳುವ ನೆನಪು ಯಾರಿಗಿತ್ತು? ಪೇಟೆಯ ಓಣಿಯಲ್ಲಿ ನಮ್ಮ ಕ್ರೈಸ್ತ ಸಭೆಯ ಹಿರಿಯ ಅಣ್ಣಾರಾಯ ಎದುರಾದ. ನೋಡಿದ. ಪಕ್ಕಕ್ಕೆ ಸರಿದು ಹೋದ.

ನಮ್ಮದು ತಗಡಿನ ಚಾವಣಿಯ ಸಣ್ಣ ದೇವಾಲಯ. ಬೇರೆ ದೇವರ ಗುರುತು ಹಚ್ಚಿಕೊಂಡವರು ಸಭೆಯ ಮುಂದೆ ನಿಂತು ತಪ್ಪಾಯಿತು ಅನ್ನುವವರೆಗೆ ಅವರಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ತಿಂಗಳ ಮೊದಲ ಭಾನುವಾರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಲೇ ಅಂಥವರು ಎದ್ದು ಹೊರಗೆ ಹೋಗಬೇಕು. ಬಾಗಿಲು ಮುಚ್ಚುತ್ತದೆ. ತಪ್ಪು ಒಪ್ಪದೆ ಸತ್ತವರಿಗೆ ಸಭೆಯ ಸ್ಮಶಾನದಲ್ಲೂ ಜಾಗವಿಲ್ಲ.

ಮಾವನ ಮಣ್ಣಾದ ಮೇಲಿನ ಭಾನುವಾರ ಆರಾಧನೆ ಮುಗಿದಾಗ ಅಣ್ಣಾರಾಯ ಅವ್ವನನ್ನು ಕರೆದು ಕೂರಿಸಿದ. ಪಾದ್ರಿ ಶಿವಶರಣಪ್ಪನವರು ಪಕ್ಕದಲ್ಲಿದ್ದರು. ಸೊಲ್ಲಾಪುರದ ಗಿರಣಿಯ ಕೆಲಸದಿಂದ ರಜೆಗೆ ಬಂದಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ.

"ಹಣಮವ್ವ, ಒಂದ ಮಾತಿನ ಕೆಲಸ ಅದ. ತಪ್ಪಾತು ಅಂತ ನಿಂತು ಅಂದುಬಿಡು. ಅಲ್ಲಿಗಿ ಮುಗೀತು."

"ಏನ ತಪ್ಪಾತ್ರಿ?"

"ಹಣಿಗೆ ಬಂಡಾರ ಹಚ್ಚಿಸ್ಕೊಂಡಿ."

"ಹೌದ್ರಿ. ದೇವರಂತ ಹಚ್ಚಿಸ್ಕೊಳ್ಳಲಿಲ್ಲ. ನಮ್ಮಣ್ಣನ ಮಣ್ಣಂತ ಹಚ್ಚಿಸ್ಕೊಂಡೆ. ಅಂವ ಬಿಸಲಾಗ ನನ್ನ ಹಾದಿ ಕಾಯ್ಕೋತ ಬಿದ್ದಿದ್ದ. ಅಲ್ಲಿ ನಿಂತು ನಾ ಮಾರಿ ತಿರುವಿದ್ರ ಅದು ತಪ್ಪಾಗ್ತಿತ್ತು."

ನನಗೆ ತಡೆಯಲಾಗಲಿಲ್ಲ. ಅಣ್ಣಾರಾಯನಿಗೆ ಅಂದೆ: "ಮಾಮಾ, ಯೇಸುಸ್ವಾಮಿ ಸತ್ತವರ ಮನಿಗೆ ಹೋಗಲಿಲ್ಲೇನು? ಲಾಜರನ ಕುಣಿ ಮುಂದ ನಿಂತು ಅತ್ತಿಲ್ಲೇನು?"

"ಅತ್ತಾನ. ಹಣಿಗೆ ಹಚ್ಚಿಸ್ಕೊಂಡಿಲ್ಲ."

"ಯಾರರೆ ಹಚ್ಚಾಕ ಬಂದಿದ್ರ ಆಕಿ ಕೈ ಹಿಡದು ನೂಕ್ತಿದ್ನೇನು?"

"ದಾನ್ಯಾ, ಗಿರಣಿಯಾಗ ಮುಕಾದಮನ ಸಂಗಾಟ ಜಗಳಾಡಿದಂಗ ಇಲ್ಲಿ ಆಡಬ್ಯಾಡ." ಅಣ್ಣಾರಾಯನ ದನಿ ಏರಿತು, ಆಮೇಲೆ ಒಮ್ಮೆಲೇ ಇಳಿಯಿತು. "ಬಂಡಾರ ಹಚ್ಚತಾರಂತ ನಾ ನಮ್ಮವ್ವನ ಮಣ್ಣಿಗೆ ಹೋಗಲಿಲ್ಲ. ದೂರ ಜಾಲಿ ಗಿಡದ ಮರಿಗೆ ನಿಂತು ನೋಡಿದೆ. ಆಕಿ ನನ್ನೊಬ್ಬನ್ನ ಹಡದಾಕಿ. ಈಗ ನಿಮ್ಮವ್ವಂದು ತಪ್ಪಲ್ಲ ಅಂದ್ರ, ನಾ ಅಲ್ಲಿ ಯಾಕ ನಿಂತೆ? ಹೇಳು."

ಅದಕ್ಕೆ ನನ್ನ ಬಳಿ ಬೈಗುಳವಷ್ಟೇ ಇತ್ತು. ಬೈದೆ. ಪಾದ್ರಿಯವರು ಕೈ ಮುಗಿದು "ಸಾಕಪ್ಪಾ, ಸಾಕು" ಅಂದರು. ಅವರು ಮೆತ್ತಗಿನ ಮನುಷ್ಯ. ಯಾರ ಕಣ್ಣಲ್ಲಿ ನೀರು ಕಂಡರೂ ಅವರ ಪಕ್ಷ ವಹಿಸುವವರು. ಇಬ್ಬರೂ ಅತ್ತರೆ ಇಬ್ಬರಿಗೂ ಹೂಂ ಅನ್ನುವವರು.

ಅಂದಿನಿಂದ ಅವ್ವ ತಿಂಗಳಿಗೊಮ್ಮೆ ಮೇಜಿನ ಮೇಲೆ ಬಿಳಿ ಬಟ್ಟೆ ಕಾಣುತ್ತಲೇ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋಗುತ್ತಿದ್ದಳು. ಒಳಗೆ ಹಾಡು ಎತ್ತಿದರೆ ಹೊರಗೆ ಗೋಡೆಗೆ ಆತು ಕುಳಿತು ತಾನೂ ದನಿಗೂಡಿಸುತ್ತಿದ್ದಳು. ನಾನು ಗಿರಣಿಗೆ ಮರಳಿದ್ದೆ. ರಜೆಗೆ ಊರಿಗೆ ಬಂದಾಗ ಅದನ್ನು ನೋಡಿದರೆ ಆ ಬಾಗಿಲನ್ನು ಒದ್ದು ಮುರಿಯಬೇಕು ಅನ್ನಿಸುತ್ತಿತ್ತು.

"ಅಂದುಬಿಡವ್ವಾ," ಅಂದೆ ಒಮ್ಮೆ ಊಟಕ್ಕೆ ಕುಳಿತಾಗ. "ಬಾಯಿಲೆ ಅಂದ್ರ ನಿನ್ನ ಗಂಟೇನ ಹೋಗ್ತದ?"

"ಬಾಯಿ ಅಂತದಪ್ಪ. ಎದಿ ಅನ್ನವಲ್ದಲ್ಲ." ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ತನ್ನ ತಾ ಪರೀಕ್ಷಾ ಮಾಡ್ಕೊಂಡು ಆ ರೊಟ್ಟಿ ತಿನ್ನಬೇಕಂತ ಬೈಬಲ್ಲಿನಾಗ ಪೌಲ ಬರದಾನಂತ ನೀನ ಓದಿ ಹೇಳಿದಿ. ಮಾಡ್ಕೊಂಡೆ. ಸುಳ್ಳ ಹೇಳಿ ಮೇಜಿನ ಮುಂದ ಕೂಡೂದಕ್ಕಿಂತ ಹೊರಗ ಗ್ವಾಡಿಗೆ ಕೂಡೂದು ಚಲೋ."

"ಹಂಗಾದ್ರ ಈ ಸಭಾ ಬಿಡೂಣು. ಸೊಲ್ಲಾಪುರದಾಗ ಬ್ಯಾರೆ ದೇವಾಲಯ ಇಲ್ಲೇನು?"

"ನಿಮ್ಮಪ್ಪ ಇಲ್ಲೇ ಮಲಗ್ಯಾನ. ಬಾಜೂಕ ನನಗೂ ಜಾಗಾ ಬಿಟ್ಟಾರ. ನಾ ಎಲ್ಲಿಗೂ ಬರೂದಿಲ್ಲ."

ಅವಳಿಗೆ ಬೇಕಾಗಿದ್ದದ್ದು ಅವೆರಡೇ: ಸುಳ್ಳಿಲ್ಲದೆ ಆ ರೊಟ್ಟಿ, ಮತ್ತು ಅಪ್ಪನ ಪಕ್ಕದ ಮಣ್ಣು.

ಚಳಿಗಾಲಕ್ಕೆ ಅವಳ ಎದೆ ಕಟ್ಟಿತು. ಕೆಮ್ಮಿದರೆ ಬಟ್ಟೆಯ ಮೇಲೆ ರಕ್ತ. ನಾನು ಗಿರಣಿಗೆ ಚಿಟ್ಟಿ ಕಳಿಸಿ ಮನೆಯಲ್ಲೇ ಉಳಿದೆ. ಒಂದು ಮುಂಜಾನೆ ಪಾದ್ರಿಯವರು ಬಂದರು. ಕೈಯಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ತಟ್ಟೆ, ಬಟ್ಟಲು.

"ಹಣಮವ್ವ, ಏಳವ್ವಾ. ಪ್ರಭುವಿನ ರೊಟ್ಟಿ ತಂದೀನಿ ನಿನಗ."

ಅಷ್ಟು ದಿನಗಳಲ್ಲಿ ಅವ್ವನ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ತಲೆಯ ಮೇಲೆ ಸೆರಗು ಹೊದಿಸು ಅಂತ ನನಗೆ ಸನ್ನೆ ಮಾಡಿದಳು. ಗೋಡೆಗೆ ಆನಿಸಿ ಕೂರಿಸಿದೆ. ಕೈ ಚಾಚಿದವಳು ಅರ್ಧಕ್ಕೆ ನಿಲ್ಲಿಸಿದಳು.

"ಅಣ್ಣಾರಾಯರು ಹೂಂ ಅಂದ್ರಾ?"

"ಅಂದ್ರು."

"ಅವರು ಹಂಗ ಅನ್ನೂ ಮನಷ್ಯಾ ಅಲ್ಲಲ್ರಿ. ಹೆಂಗ ಅಂದ್ರು?"

ಪಾದ್ರಿಯವರು ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಅಂದರು: "ನಾ ಹೇಳಿದೆನವ್ವಾ. ನೀ ನನ್ನ ಮುಂದ ತಪ್ಪೊಪ್ಪಿಕೊಂಡಿ ಅಂತ. ಸಭಾದ ಮುಂದ ನಿಂದ್ರಾಕ ಆಗೂದಿಲ್ಲ, ಜಡ್ಡಿನಾಗ ಅದಾಳ ಅಂತ."

ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

"ಸಾಹೇಬ್ರ, ನೀವು ನನ್ನ ಮ್ಯಾಲಿನ ಅಂತಃಕರಣಕ್ಕ ಅಂದೀರಿ. ಆದ್ರ ಇದನ್ನ ತಿಂದ್ರ ನಾನೂ ಹಂಗ ಅಂದಂಗಾತಲ್ರಿ."

"ಯಾರಿಗೂ ಗೊತ್ತಾಗೂದಿಲ್ಲ, ತಾಯಿ."

"ಯಾರದ್ರಿ ಆ ರೊಟ್ಟಿ?"

"ಪ್ರಭುವಿಂದು," ಅಂದರು ಅವರು. ನಾನು ಕೂಗಾಡಿದೆ. "ತಿನ್ನವ್ವಾ! ಆ ಮುದುಕನ ಸಲುವಾಗಿ ಯಾಕ ಸಾಯ್ತಿ? ದೇವರಿಗೆ ಎಲ್ಲಾ ತಿಳೀತದ, ತಿನ್ನ!"

"ತಿಳೀತದಂತ ತಿನ್ನವಲ್ಲೆ," ಅಂದಳು ಅವ್ವ. ಆಮೇಲೆ ಪಾದ್ರಿಯವರ ಕಡೆ ನೋಡಿ ಸಣ್ಣಗೆ ನಕ್ಕಳು. "ಇವನ ಸಿಟ್ಟಿನ ಮ್ಯಾಲೆ ಚಾ ಕಾಸಬಹುದು ನೋಡ್ರಿ, ಒಲಿನ ಬ್ಯಾಡ. ಹೋಗೋ, ಸಾಹೇಬ್ರಿಗೆ ಒಂದ ಕಪ್ ಚಾ ಮಾಡು."

ಚಹಾ ಮಾಡಿದೆ. ಪಾದ್ರಿಯವರು ಕುಡಿಯಲಿಲ್ಲ. ರೊಟ್ಟಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಹೋದರು. ಆ ವಾರ ಮುಗಿಯುವುದರೊಳಗೆ ಅವ್ವ ಹೋದಳು.

ಮಣ್ಣಿನ ದಿನ ಸಭೆಯ ಸ್ಮಶಾನಕ್ಕೆ ಎಲ್ಲರಿಗಿಂತ ಮೊದಲು ಬಂದವನು ಅಣ್ಣಾರಾಯ. ಆ ವಯಸ್ಸಿನಲ್ಲಿ ತಾನೇ ಸಲಿಕೆ ಹಿಡಿದು ಅಪ್ಪನ ಪಕ್ಕದಲ್ಲಿ ಕುಣಿ ತೋಡಿದ. ಬೆವರಿನ ಜೊತೆ ಕಣ್ಣೀರೂ ಸುರಿಯುತ್ತಿತ್ತು. ನನಗೆ ಅವನ ಕಣ್ಣೀರು ಬೇಕಿರಲಿಲ್ಲ. ಅವ್ವನ ತವರೂರಿಂದ ಅತ್ತೆ ಮುಕ್ತಾಬಾಯಿ, ಅವಳ ಮಗ ಬೀರಣ್ಣ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಒಳಗೆ ಬಂದರೆ ಯಾರು ಏನೆನ್ನುವರೋ ಎಂದು ಗೋಡೆಯ ಹೊರಗೇ ನಿಂತಿದ್ದರು.

ಹಾಡು ಮುಗಿಯಿತು. ಪಾದ್ರಿಯವರು ಪುಸ್ತಕ ತೆರೆಯುವ ಮೊದಲು ಅಣ್ಣಾರಾಯ ಮುಂದೆ ಬಂದ.

"ನಮ್ಮ ತಂಗಿ ಹಣಮವ್ವ ಕಡೀಕ ತನ್ನ ತಪ್ಪು ಒಪ್ಪಿಕೊಂಡು, ಸಭಾದಾಗ ಕೂಡಿ ಹೋಗ್ಯಾಳ. ಅದಕ್ಕ ದೇವರಿಗೆ ಸ್ತೋತ್ರ ಹೇಳೂಣು."

ಎಲ್ಲರೂ ಸ್ತೋತ್ರ ಎಂದರು. ಪಾದ್ರಿಯವರ ತುಟಿ ಮಾತ್ರ ಅಲುಗಲಿಲ್ಲ. ಸುಮ್ಮನಿದ್ದರೆ ಅವ್ವ ಅಪ್ಪನ ಪಕ್ಕದಲ್ಲಿ ಮಲಗುತ್ತಾಳೆ. ಬಾಯಿ ತೆರೆದರೆ ಆ ಜಾಗ ಹೋಗುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸಾಯುವಾಗಲೂ ಅವಳು ಅನ್ನದ ಮಾತನ್ನು ಇವರು ಹೆಣದ ಬಾಯಲ್ಲಿ ತುರುಕುತ್ತಿದ್ದಾರೆ, ನಾನು ಅದನ್ನು ನೋಡುತ್ತ ನಿಂತಿದ್ದೇನೆ.

"ಇಲ್ಲ," ಅಂದೆ. "ಆಕಿ ಅಂದಿಲ್ಲ."

"ಏನಂದಿ?"

"ಆಕಿ ಅಂದಿಲ್ಲ. ರೊಟ್ಟೀನೂ ತಿಂದಿಲ್ಲ. ಕೇಳ್ರಿ ಸಾಹೇಬ್ರನ್ನ."

ಅಣ್ಣಾರಾಯ ಪಾದ್ರಿಯವರ ಕಡೆ ತಿರುಗಿದ. ಅವರು ಪುಸ್ತಕವನ್ನು ಕಂಕುಳಿಗೆ ಸೇರಿಸಿದರು. "ಅಂದಿಲ್ಲ," ಎಂದರು. "ಸುಳ್ಳ ಹೇಳಿದವ ನಾನು."

ಅಣ್ಣಾರಾಯ ಸಲಿಕೆಯನ್ನು ನೆಲಕ್ಕೆ ಇಟ್ಟ. ಎಸೆಯಲಿಲ್ಲ, ಇಟ್ಟ. "ಹಂಗಾದ್ರ ನಾ ಈ ಕುಣಿ ಮುಚ್ಚಲಾರೆ," ಅಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅರೇ ಪೋರಾ, ಒಂದ ಗಳಿಗಿ ಬಾಯಿ ಮುಚ್ಕೊಂಡಿದ್ರ ನಿಂದೇನ ಹೋಗ್ತಿತ್ತು?" ಅಂದಳು ಹಿಂದಿನಿಂದ ಯಾವಳೋ. ನಾನು ತಿರುಗಿ ಅವಳನ್ನೂ ಬೈದೆ. ಗೋಡೆಯ ಹೊರಗಿನಿಂದ ಅತ್ತೆಯ ದನಿ ಕೇಳಿತು: "ನಮ್ಮ ಮನಿ ಮಗಳ್ನ ನಮಗ ಕೊಡ್ರಿ. ನಾವು ಒಯ್ತೀವಿ."

ಬೀರಣ್ಣ, ನಾನು ಅವ್ವನನ್ನು ಹೊತ್ತು ಚಕ್ಕಡಿಗೆ ಹಾಕಿದೆವು. ಯಾರೂ ತಡೆಯಲಿಲ್ಲ, ಯಾರೂ ಹೆಗಲು ಕೊಡಲಿಲ್ಲ. ಅಪ್ಪನ ಪಕ್ಕದ ಕುಣಿ ಬಾಯಿ ತೆರೆದುಕೊಂಡೇ ಇತ್ತು.

ದುಧನಿಯ ದಾರಿಯ ಆ ಊರು ಮುಟ್ಟುವಾಗ ಕುರಿಗಳು ಹಟ್ಟಿಗೆ ಮರಳುತ್ತಿದ್ದವು. ಮರೆಪ್ಪ ಮಾವನ ಬದಿಯಲ್ಲಿ ಅಗೆದರು. ಮಣ್ಣು ಹಾಕುವ ಹೊತ್ತಿಗೆ ಅತ್ತೆ ಸೊಂಟದ ಬಂಡಾರದ ಚೀಲಕ್ಕೆ ಕೈ ಹಾಕಿದವಳು ಹಾಗೇ ನಿಂತಳು.

"ಬ್ಯಾಡ," ಅಂದಳು ತನಗೆ ತಾನೇ. "ಈ ಕೈಲಿಂದನ ಇಷ್ಟೆಲ್ಲಾ ಆತು. ಸುಡ್ಲಿ ಈ ಕೈ. ದಾನ್ಯಾ, ನಿಮ್ಮ ಪ್ರಾರ್ಥನಾ ಹೇಳಪ್ಪ. ಆಕಿಗೆ ಅದ ಬೇಕಾಗಿತ್ತು."

ಮಣ್ಣಿನ ವಿಧಿ ನನಗೆ ಬರುವುದಿಲ್ಲ. ಸಣ್ಣವನಿದ್ದಾಗ ಅವ್ವ ಕಲಿಸಿದ ಪ್ರಭುವಿನ ಪ್ರಾರ್ಥನೆ ಮಾತ್ರ ಬರುತ್ತದೆ. ಅದನ್ನೇ ಶುರು ಮಾಡಿದೆ. ಪರಲೋಕದ ತಂದೆಯನ್ನು ಕರೆದೆ, ದಿನದ ರೊಟ್ಟಿ ಕೇಳಿದೆ. ಮುಂದಿನ ಮಾತು ನಾವು ಬೇರೆಯವರ ತಪ್ಪು ಕ್ಷಮಿಸಿದ್ದೇವೆ, ಹಾಗೇ ನಮ್ಮದನ್ನೂ ಕ್ಷಮಿಸು ಎಂಬುದು. ಅಲ್ಲಿಗೆ ಬಂದು ನಿಂತೆ. ಅಣ್ಣಾರಾಯ ಕಣ್ಣ ಮುಂದೆ ಬಂದ, ಪಾದ್ರಿಯವರು ಬಂದರು. ಕ್ಷಮಿಸಿದ್ದೇನೆಯೇ? ಇಲ್ಲ. ಇಲ್ಲದ್ದನ್ನು ಇದೆ ಅಂತ ಈ ಹೆಂಗಸಿನ ಕುಣಿಯ ಮುಂದೆ ನಿಂತು ಹೇಗೆ ಅನ್ನಲಿ?

ಕುರುಬರು ಹಿಡಿಯಲ್ಲಿ ಮಣ್ಣು ಹಿಡಿದುಕೊಂಡು ಕಾದರು.

"ಮುಗೀತೇನಪ್ಪಾ?" ಅಂದಳು ಅತ್ತೆ.

"ಇಲ್ಲತ್ತಿ. ಇನ್ನೊಂದ ಮಾತು ಅದ."

"ಮತ್ತ ಹೇಳು."

"ಬರವಲ್ದು," ಅಂದೆ. ಆಮೆನ್ ಅನ್ನದೆ, ಬಾಗಿ, ಮಣ್ಣು ಹಾಕಿದೆ.